ಅಮ್ಮನ ಫೈಲಿನ ಗುಮಾಸ್ತೆ

ರಾತ್ರಿ ಹನ್ನೊಂದೂಕಾಲಿಗೆ ಮೊಬೈಲ್ ಗುಂಯ್ ಅಂದಿತು. 'ನಿಮ್ಮ ಹೊಸ ರಿಪೋರ್ಟ್ ಬಂದಿದೆ.' ಅಷ್ಟೇ. ಯಾವ ಟೆಸ್ಟು, ಏನು ಬಂದಿದೆ, ಒಂದೂ ಇಲ್ಲ. ನೋಡಬೇಕೆಂದರೆ ಆಸ್ಪತ್ರೆಯ ಪೋರ್ಟಲ್‌ಗೆ ಲಾಗಿನ್ ಆಗಬೇಕು. ಪಾಸ್‌ವರ್ಡ್ ಎರಡು ಸಲ ತಪ್ಪಿತು. ಮೂರನೇ ಸಲ ಸರಿಹೋಯಿತು, ಆದರೆ ಒಟಿಪಿ ಹೋಗಿದ್ದು ಅಮ್ಮನ ಫೋನಿಗೆ. ಅಮ್ಮ ಮಲಗಿದ್ದಳು. ಮೆಲ್ಲಗೆ ಕೋಣೆಗೆ ಹೋಗಿ, ದಿಂಬಿನ ಪಕ್ಕದಿಂದ ಫೋನ್ ಎತ್ತಿಕೊಂಡು, ಕತ್ತಲಲ್ಲೇ ಆರು ಅಂಕಿ ಓದಿ, ಬಾಯಲ್ಲಿ ಹೇಳಿಕೊಳ್ಳುತ್ತಾ ಹೊರಗೆ ಬರುವಷ್ಟರಲ್ಲಿ ಸಮಯ ಮುಗಿದಿತ್ತು. ಮತ್ತೆ ಒಟಿಪಿ. ಮತ್ತೆ ಕೋಣೆ.

ಕೊನೆಗೆ ಪುಟ ತೆರೆಯಿತು. ಪೊಟ್ಯಾಶಿಯಂ 6.1. ಕೆಂಪು ಅಕ್ಷರ, ಪಕ್ಕದಲ್ಲಿ ಮೇಲಕ್ಕೆ ತಿರುಗಿದ ಬಾಣ.

ಆಮೇಲೆ ನಾನು ಮಾಡಿದ್ದು ಎಲ್ಲರೂ ಮಾಡುವುದೇ. ಗೂಗಲ್ ತೆಗೆದೆ. ಸಾಮಾನ್ಯವಾಗಿ 3.5ರಿಂದ 5ರ ಒಳಗೆ ಇರಬೇಕು ಅನ್ನುವಲ್ಲಿಂದ ಶುರುವಾಗಿ ಎರಡೇ ನಿಮಿಷದಲ್ಲಿ ಹೃದಯ ನಿಲ್ಲುವವರೆಗೆ ಹೋಗಿ ಬಂದೆ. ಅಮ್ಮ ಉಸಿರಾಡುತ್ತಿದ್ದಾಳಾ ಅಂತ ಮತ್ತೆ ಕೋಣೆಗೆ ಹೋಗಿ ನೋಡಿದೆ. ಗೊರಕೆ ಹೊಡೆಯುತ್ತಿದ್ದಳು.

ಆಸ್ಪತ್ರೆಯ ರಾತ್ರಿ ನಂಬರಿಗೆ ಫೋನ್ ಮಾಡಿದೆ. ಡ್ಯೂಟಿ ಡಾಕ್ಟರು ಪೂರ್ತಿ ಕೇಳಿಸಿಕೊಂಡರು. ಆ ಕಡೆಯಿಂದ ಕೀಬೋರ್ಡಿನ ಟಕಟಕ ಕೇಳಿಸುತ್ತಿತ್ತು. "ಕೆಳಗೆ ಲ್ಯಾಬಿನವರ ಕಾಮೆಂಟ್ ಇದೆ, ಓದಿದ್ರಾ? ಸ್ಯಾಂಪಲ್ ಹಿಮೋಲೈಸ್ ಆಗಿದೆ ಅಂತ ಬರೆದಿದ್ದಾರೆ." ಓದಿರಲಿಲ್ಲ. ಬೂದು ಬಣ್ಣದ ಸಣ್ಣ ಅಕ್ಷರ, ಅದೂ ಸ್ಕ್ರೀನನ್ನು ಕೆಳಕ್ಕೆ ಸರಿಸಿದರೆ ಮಾತ್ರ ಕಾಣುವ ಜಾಗದಲ್ಲಿ. ರಕ್ತ ತೆಗೆಯುವಾಗಲೋ ಸಾಗಿಸುವಾಗಲೋ ಕೆಂಪು ರಕ್ತಕಣಗಳು ಒಡೆದರೆ ಅವುಗಳ ಒಳಗಿನ ಪೊಟ್ಯಾಶಿಯಂ ಹೊರಗೆ ಚೆಲ್ಲುತ್ತದೆ, ಮಷೀನು ಅದನ್ನೂ ಸೇರಿಸಿಯೇ ಲೆಕ್ಕ ಕೊಡುತ್ತದೆ. ಮೈಯಲ್ಲಿ ಇಲ್ಲದ್ದು ಟ್ಯೂಬಿನಲ್ಲಿ ಕಾಣುತ್ತದೆ. "ಆದರೂ ಕರ್ಕೊಂಡು ಬನ್ನಿ," ಅಂದರು. "ಪೊಟ್ಯಾಶಿಯಂ ಏರಿಸೋ ಬಿಪಿ ಮಾತ್ರೆ ತಗೊಳ್ತಿದ್ದಾರೆ. ಇಸಿಜಿ ಮಾಡಿ ಇನ್ನೊಂದು ಸಲ ರಕ್ತ ನೋಡೋಣ. ಸುಮ್ನೆ ಊಹೆ ಮಾಡ್ಕೊಂಡು ಕೂರೋದು ಬೇಡ."

ಅಮ್ಮನನ್ನು ಎಬ್ಬಿಸಿ ಕರೆದುಕೊಂಡು ಹೋದೆ. ಇಸಿಜಿ ಸರಿಯಾಗಿತ್ತು. ಎರಡನೇ ಸಲ ಪೊಟ್ಯಾಶಿಯಂ 4.9. ಮನೆಗೆ ಬರುವಾಗ ಎರಡೂವರೆ ಗಂಟೆ. ದಾರಿಯಲ್ಲಿ ಅಮ್ಮ ಒಂದೇ ಮಾತು ಕೇಳಿದಳು: "ಅದನ್ನ ನೀನು ಬೆಳಿಗ್ಗೆ ನೋಡಿದ್ರೆ ಆಗ್ತಿರಲಿಲ್ವಾ?"

ಆಗುತ್ತಿತ್ತೋ ಇಲ್ಲವೋ, ಈಗಲೂ ಗೊತ್ತಿಲ್ಲ. ಹೋಗಿದ್ದು ಸರಿ ಅಂತ ಡಾಕ್ಟರೇ ಹೇಳಿದರು. ಆದರೆ ಅಂಕಿ ನನ್ನ ಕೈಗೆ ಬಂದ ಹೊತ್ತಿಗೆ ಅದರ ಅರ್ಥ ಹೇಳುವವರು ಯಾರೂ ಹತ್ತಿರ ಇರಲಿಲ್ಲ ಅನ್ನುವುದೂ ನಿಜ. ಮೊದಲೆಲ್ಲ ಡಾಕ್ಟರು ರಿಪೋರ್ಟ್ ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಆಮೇಲೆ ನಮಗೆ ಹೇಳುತ್ತಿದ್ದರು. ಈಗ ಮಷೀನಿನಿಂದ ಬಂದದ್ದು ನೇರ ಜೇಬಿಗೆ.

ಇದು ಒಂದು ಆಸ್ಪತ್ರೆಯವರ ಹುಚ್ಚೇನಲ್ಲ. ಅಮೆರಿಕದಲ್ಲಂತೂ ರಿಪೋರ್ಟನ್ನು ರೋಗಿಯಿಂದ ತಡೆದಿಡಬಾರದು ಅನ್ನುವ ಕೇಂದ್ರ ಸರ್ಕಾರದ ನಿಯಮ 2021ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಕೆಲವು ವಿನಾಯಿತಿ ಬಿಟ್ಟರೆ, ಸಿದ್ಧವಾದ ಕೂಡಲೇ ಕೊಡಬೇಕು, ಡಾಕ್ಟರು ಇನ್ನೂ ನೋಡಿಲ್ಲದಿದ್ದರೂ ಸರಿ. ಇದರಿಂದ ಜನರಿಗೆ ಗಾಬರಿ ಆಗುವುದಿಲ್ಲವೇ ಅಂತ ಅಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಂದಿಯನ್ನು ಕೇಳಿದರು. 2023ರಲ್ಲಿ ಬಂದ ಆ ಅಧ್ಯಯನದ ಪ್ರಕಾರ 100ಕ್ಕೆ ಸುಮಾರು 96 ಮಂದಿ, ನಮಗೆ ತಕ್ಷಣವೇ ಬೇಕು ಅಂದರು. ರಿಪೋರ್ಟಿನಲ್ಲಿ ಏರುಪೇರು ಬಂದವರಿಗೆ ಚಿಂತೆ ಜಾಸ್ತಿ ಆಗಿತ್ತು, ಆದರೂ ಅವರಲ್ಲೂ ಹೆಚ್ಚಿನವರದ್ದು ಅದೇ ಉತ್ತರ. ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ, ಆ ರಾತ್ರಿಯ ಮಾರನೇ ದಿನವೂ. ಗೊತ್ತಿದ್ದೂ ಯಾರೋ ಮುಚ್ಚಿಟ್ಟುಕೊಂಡಿದ್ದಾರೆ ಅನ್ನುವುದಕ್ಕಿಂತ ಎರಡು ಗಂಟೆಯ ಗಾಬರಿ ವಾಸಿ.

ಆದರೆ ಒಂದು ಕೆಲಸ ಮಾಡಿದೆ. ನೋಟಿಫಿಕೇಶನ್ ಬಂದ್ ಮಾಡಿದೆ. ಈಗ ನಾನು ಪೋರ್ಟಲ್ ತೆಗೆಯುವುದು ಬೆಳಿಗ್ಗೆ ಹತ್ತರ ಮೇಲೆ, ಫೋನ್ ಮಾಡಿದರೆ ಯಾರಾದರೂ ಎತ್ತುವ ಹೊತ್ತಿನಲ್ಲಿ. ನಿಜಕ್ಕೂ ಅಪಾಯದ ಅಂಕಿ ಬಂದರೆ ಲ್ಯಾಬಿನವರೇ ಡಾಕ್ಟರಿಗೆ ಫೋನ್ ಮಾಡುವ ಪದ್ಧತಿ ಇರುತ್ತದೆ, ನಮ್ಮ ಆಸ್ಪತ್ರೆಯಲ್ಲಿ ಇದೆಯೇ ಅಂತ ಕೇಳಿ ಖಾತ್ರಿ ಮಾಡಿಕೊಂಡ ಮೇಲೆಯೇ ಬಂದ್ ಮಾಡಿದ್ದು. ಶುಕ್ರವಾರ ಸಂಜೆ ಅಂತೂ ನೋಡುವುದೇ ಇಲ್ಲ. ಆಗ ನೋಡಿದರೆ ಎರಡು ದಿನ ನಾನೇ ಡಾಕ್ಟರು.

ಕೆಂಪು ಅಕ್ಷರದ ಬಗ್ಗೆಯೂ ಸ್ವಲ್ಪ ತಿಳಿದುಕೊಂಡೆ. 'ನಾರ್ಮಲ್' ಅಂತ ಪಕ್ಕದಲ್ಲಿ ಬರೆದಿರುತ್ತಾರಲ್ಲ, ಅದು ಹೆಚ್ಚಿನ ಟೆಸ್ಟುಗಳಲ್ಲಿ ಆರೋಗ್ಯವಂತರನ್ನೇ ಪರೀಕ್ಷಿಸಿ, ಅವರಲ್ಲಿ 100ಕ್ಕೆ ನಡುವಿನ 95 ಮಂದಿಯ ಅಂಕಿ ಎಲ್ಲಿಂದ ಎಲ್ಲಿಯವರೆಗೆ ಬಂತು ಅಂತ ನೋಡಿ ಎಳೆದ ಗೆರೆ. ಅಂದರೆ ಏನೂ ಕಾಯಿಲೆ ಇಲ್ಲದ ನೂರು ಮಂದಿಯಲ್ಲಿ ಐದು ಮಂದಿ ಹೇಗೂ ಗೆರೆಯ ಆಚೆ. ಒಂದಕ್ಕೊಂದು ಸಂಬಂಧ ಇಲ್ಲದ 20 ಟೆಸ್ಟು ಒಟ್ಟಿಗೆ ಮಾಡಿಸಿದರೆ, ಪೂರ್ತಿ ಆರೋಗ್ಯವಾಗಿರುವವರಿಗೂ ಒಂದಾದರೂ ಕೆಂಪು ಬರುವ ಸಾಧ್ಯತೆ 100ಕ್ಕೆ 64. ಅಮ್ಮನ ರಿಪೋರ್ಟುಗಳಲ್ಲಿ ಒಂದು ಸಲಕ್ಕೆ ಇಪ್ಪತ್ತು ಸಾಲು ಮಾಮೂಲಿ. ಒಂದೂ ಕೆಂಪಿಲ್ಲದೆ ಬಂದರೆ ಈಗ ಅದೇ ಆಶ್ಚರ್ಯ.

ಆಮೇಲೆ ಗೊತ್ತಾದ ಇನ್ನೊಂದು ವಿಷಯ ನನ್ನನ್ನು ಜಾಸ್ತಿ ಅಲ್ಲಾಡಿಸಿತು. ನಿಜವಾದ ಸುದ್ದಿ ಇದ್ದದ್ದು ಕೆಂಪೇ ಇಲ್ಲದ ಸಾಲಿನಲ್ಲಿ.

ಆ ರಾತ್ರಿ ಆಸ್ಪತ್ರೆಯಿಂದ ಬಂದ ಮೇಲೆ ನಿದ್ದೆ ಬರಲಿಲ್ಲ. ಸುಮ್ಮನೆ ಹಳೆಯ ರಿಪೋರ್ಟು ತೆಗೆದು ನೋಡುತ್ತಾ ಕೂತೆ. ಕ್ರಿಯಾಟಿನಿನ್ ಅಂತ ಒಂದು ಸಾಲು. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ಹೇಳುವ ಅಂಕಿ. ಮೂರು ವರ್ಷದ ಹಿಂದೆ 0.8. ಮರುವರ್ಷ 0.9. ಈಗ 1.1. ಎಲ್ಲವೂ ಆ ಲ್ಯಾಬಿನ ಗೆರೆಯ ಒಳಗೇ, ಎಲ್ಲವೂ ಕಪ್ಪು ಅಕ್ಷರ. ನಡುವಿನ ಒಂದು ವರ್ಷ ಖಾಲಿ. ಆ ವರ್ಷ ಬೇರೆ ಕಡೆ ಮಾಡಿಸಿದ್ದೆವು, ಅದನ್ನು ಪಿಡಿಎಫ್ ಮಾಡಿ ನಾನೇ ಅಪ್‌ಲೋಡ್ ಮಾಡಿದ್ದೆ. ಹುಡುಕಿ ತೆಗೆದರೆ ಅದರಲ್ಲಿ 88 ಅಂತ ಇದೆ. ಎದೆ ಝಲ್ಲೆಂದಿತು. ಆಮೇಲೆ ನೋಡಿದರೆ ಅದು ಬೇರೆ ಅಳತೆ. ಒಂದು ಕಡೆ ಮಿಲಿಗ್ರಾಂನಲ್ಲಿ ಕೊಡುತ್ತಾರೆ, ಇನ್ನೊಂದು ಕಡೆ ಮೈಕ್ರೋಮೋಲ್‌ನಲ್ಲಿ. 88.4ರಿಂದ ಭಾಗಿಸಿದರೆ 1.0 ಬರುತ್ತದೆ.

ನೋಟ್‌ಬುಕ್ಕಿನ ಹಾಳೆಯಲ್ಲಿ ಒಂದರ ಕೆಳಗೆ ಒಂದು ಬರೆದೆ. 0.8, 0.9, 1.0, 1.1. ಪೋರ್ಟಲ್‌ನಲ್ಲಿ ಗ್ರಾಫ್ ಬಟನ್ ಇದೆ, ಚೆನ್ನಾಗಿಯೇ ಇದೆ, ಆದರೆ ಪಿಡಿಎಫ್ ಒಳಗಿನ ಅಂಕಿ ಅದಕ್ಕೆ ಕಾಣುವುದಿಲ್ಲ. ಪೆನ್ನಿನಲ್ಲಿ ಬರೆದಾಗ ಯಾವ ಗ್ರಾಫೂ ಬೇಕಾಗಲಿಲ್ಲ.

ಮುಂದಿನ ವಾರ ಆ ಹಾಳೆಯನ್ನೇ ಡಾಕ್ಟರಮ್ಮನ ಮುಂದೆ ಇಟ್ಟೆ. ಅವರು ಅಮ್ಮನ ವಯಸ್ಸು ಸೇರಿಸಿ ಲೆಕ್ಕ ಹಾಕಿದರು. ಮೊದಲು 80ರ ಹತ್ತಿರ ಇದ್ದ ಕಿಡ್ನಿಯ ಸೋಸುವ ಶಕ್ತಿ ಈಗ 54ಕ್ಕೆ ಬಂದಿತ್ತು. ವಯಸ್ಸಾದವರಲ್ಲಿ ಮಾಂಸಖಂಡ ಕಡಿಮೆ ಇರುವುದರಿಂದ ಕ್ರಿಯಾಟಿನಿನ್ ಅಂಕಿ ಸಾಧುವಾಗಿಯೇ ಕಾಣುತ್ತದೆ, ಆದರೆ ಹಿಂದಿನದರ ಜೊತೆ ಇಟ್ಟು ನೋಡಬೇಕು ಅಂದರು. ಆಮೇಲೆ ಅಮ್ಮನ ಕಡೆ ತಿರುಗಿ, "ಮಂಡಿ ನೋವಿಗೆ ಏನಾದ್ರೂ ತಗೊಳ್ತೀರಾ?" ಅಂದರು. ಅಮ್ಮ ನನ್ನ ಮುಖ ನೋಡಿದಳು. ತೆಗೆದುಕೊಳ್ಳುತ್ತಿದ್ದಳು. ಚೀಟಿ ಇಲ್ಲದೆ ಸಿಗುವ ನೋವಿನ ಮಾತ್ರೆ, ದಿನಕ್ಕೆ ಎರಡು, ಎಷ್ಟು ತಿಂಗಳಿಂದ ಅಂತ ಅವಳಿಗೇ ನೆನಪಿಲ್ಲ. ಆ ಜಾತಿಯ ನೋವಿನ ಮಾತ್ರೆ ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ, ಕೆಲವು ಬಿಪಿ ಮಾತ್ರೆಗಳ ಜೊತೆ ಸೇರಿದರೆ ಪೆಟ್ಟು ಇನ್ನೂ ಜಾಸ್ತಿ. ನಿಲ್ಲಿಸಿದರು. ಬದಲಿಗೆ ಬೇರೆ ಕೊಟ್ಟರು. ಮೂರು ತಿಂಗಳಾದ ಮೇಲೆ ಕ್ರಿಯಾಟಿನಿನ್ 0.9.

ಪೋರ್ಟಲ್‌ನ ಔಷಧಿ ಪಟ್ಟಿಯಲ್ಲಿ ಆ ಮಾತ್ರೆ ಇರಲೇ ಇಲ್ಲ. ಡಾಕ್ಟರು ಬರೆಯದ್ದು ಅಲ್ಲಿಗೆ ಹೇಗೆ ಬರಬೇಕು? ಅದೇ ಪಟ್ಟಿಯಲ್ಲಿ, ಯಾವತ್ತೋ ನಿಲ್ಲಿಸಿದ ಎರಡು ಮಾತ್ರೆ ಹಾಯಾಗಿ ಕೂತಿದ್ದವು. ಒಂದು ಭಾನುವಾರ ಅಮ್ಮನ ಮಾತ್ರೆ ಡಬ್ಬಿ ಮೇಜಿನ ಮೇಲೆ ಸುರಿದುಕೊಂಡು, ಒಂದೊಂದು ಸ್ಟ್ರಿಪ್ಪನ್ನೂ ಎತ್ತಿ ಪಟ್ಟಿಗೆ ತಾಳೆ ಹಾಕಿದೆ. ಪಟ್ಟಿಯಲ್ಲಿ ಒಂಬತ್ತು, ಮೇಜಿನ ಮೇಲೆ ಎಂಟು. ಲೆಕ್ಕ ಹೆಚ್ಚುಕಮ್ಮಿ ಒಂದೇ ಅನ್ನಿಸುತ್ತದೆ ಅಲ್ವಾ? ಎರಡರಲ್ಲೂ ಇದ್ದದ್ದು ಏಳೇ. ಎಂಟನೆಯದು ಕಣ್ಣಿನ ಡಾಕ್ಟರು ಬೇರೆ ಕಡೆ ಬರೆದುಕೊಟ್ಟ ಹನಿ.

ಈ ಕೆಲಸಕ್ಕೆ ನಾನು ಇಟ್ಟುಕೊಂಡ ಹೆಸರು ಗುಮಾಸ್ತಿಕೆ. ಮೊದಲು ಆಸ್ಪತ್ರೆಯ ಕೌಂಟರಿನ ಹಿಂದೆ ಕೂತವರು ಮಾಡುತ್ತಿದ್ದ ಕೆಲಸ. ಫೈಲು ಹುಡುಕುವುದು, ತಾರೀಕು ಜೋಡಿಸುವುದು, ಬಿಟ್ಟುಹೋದದ್ದನ್ನು ನೆನಪಿಸುವುದು. ಪೋರ್ಟಲ್ ಬಂದ ಮೇಲೆ ಅದರಲ್ಲಿ ಅರ್ಧ ನಮ್ಮ ತಲೆಗೆ ಬಿತ್ತು. ಸಂಬಳ ಇಲ್ಲ, ರಜ ಇಲ್ಲ, ಮೂರು ದಿನಕ್ಕೊಮ್ಮೆ ಪಾಸ್‌ವರ್ಡ್ ಮರೆತುಹೋಗುತ್ತದೆ. ಬೈಯಬಹುದು, ನಾನು ಬೈದಿದ್ದೇನೆ. ಆದರೆ ರಾತ್ರಿ ಗೂಗಲ್ ತೆಗೆದುಕೊಂಡು ಅರೆಬೆಂದ ಡಾಕ್ಟರಾಗಲು ಹೋದಾಗ ನನ್ನಿಂದ ಅಮ್ಮನಿಗೆ ಸಿಕ್ಕಿದ್ದು ನಿದ್ದೆಗೇಡು. ನಾಲ್ಕು ಅಂಕಿ ಒಂದರ ಕೆಳಗೆ ಒಂದು ಬರೆದುಕೊಂಡು ಹೋದಾಗ ಒಂದು ಮಾತ್ರೆ ನಿಂತಿತು.

ಪೋರ್ಟಲ್‌ನಲ್ಲಿ ಡಾಕ್ಟರಿಗೆ ಮೆಸೇಜ್ ಬರೆಯುವುದನ್ನೂ ಕಲಿಯಬೇಕಾಯಿತು. ಮೊದಲನೆಯದನ್ನು ಒಂದೂವರೆ ಪುಟ ಬರೆದಿದ್ದೆ, ಅಮ್ಮನ ಕಾಲು ಊತದಿಂದ ಶುರುವಾಗಿ ನನ್ನ ಚಿಂತೆಯವರೆಗೆ. ಎರಡು ದಿನ ಬಿಟ್ಟು ಉತ್ತರ ಬಂತು: 'ದಯವಿಟ್ಟು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ.' ಅದನ್ನು ಮೊದಲು ಓದುವುದು ಡಾಕ್ಟರಲ್ಲ, ನರ್ಸು, ಅವರ ಮುಂದೆ ಅಂಥದ್ದು ಸಾಲುಗಟ್ಟಿ ಇರುತ್ತವೆ ಅಂತ ಆಮೇಲೆ ಗೊತ್ತಾಯಿತು. ಈಗ ಮೊದಲ ಸಾಲಿನಲ್ಲೇ ಪ್ರಶ್ನೆ ಇಡುತ್ತೇನೆ. ಒಂದು ಮೆಸೇಜಿಗೆ ಒಂದೇ ವಿಷಯ. ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಯಾವತ್ತಿನಿಂದ. ನಾಲ್ಕು ಸಾಲಿಗೆ ಉತ್ತರ ಬೇಗ ಬರುತ್ತದೆ. ಎದೆನೋವು, ಉಸಿರಾಟದ ತೊಂದರೆ ಇಂಥದ್ದಕ್ಕೆ ಮೆಸೇಜ್ ಬರೆಯುತ್ತಾ ಕೂರಬಾರದು. ಅಲ್ಲೇ ದೊಡ್ಡದಾಗಿ ಬರೆದೂ ಇರುತ್ತದೆ.

ಇನ್ನೊಂದು ಫಜೀತಿ. ಆಗ ನಾನು ಅಮ್ಮನ ಅಕೌಂಟಿನಿಂದಲೇ ಎಲ್ಲಾ ಮಾಡುತ್ತಿದ್ದೆ. 'ನನ್ನ ಅಮ್ಮನಿಗೆ ರಾತ್ರಿ ಕಾಲು ಸೆಳೆತ ಬರುತ್ತಿದೆ' ಅಂತ ಬರೆದು ಕಳಿಸಿದೆ. ನರ್ಸ್ ಫೋನ್ ಮಾಡಿದರು, ಎತ್ತಿದ್ದು ಅಮ್ಮ. "ನಿಮ್ಮ ತಾಯಿಯವರಿಗೆ ಎಷ್ಟು ವಯಸ್ಸು? ಅವರೂ ನಮ್ಮಲ್ಲೇ ತೋರಿಸ್ತಾರಾ?" ತನ್ನ ತಾಯಿ ತೀರಿಹೋಗಿ ಇಪ್ಪತ್ತು ವರ್ಷ ಆಯಿತು ಅಂತ ಅಮ್ಮ ಶಾಂತವಾಗಿ ಹೇಳಿದಳಂತೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಸರಿಯಾದ ದಾರಿ ಹಿಡಿದೆವು. ಅಮ್ಮ ಒಪ್ಪಿಗೆಯ ಫಾರ್ಮಿಗೆ ಸಹಿ ಹಾಕಿದಳು, ನನಗೆ ನನ್ನದೇ ಲಾಗಿನ್ ಬಂತು. ಒಟಿಪಿ ನನ್ನ ಫೋನಿಗೇ. ಯಾರು ಬರೆದದ್ದು ಅಂತ ಅವರಿಗೂ ಗೊತ್ತಾಗುತ್ತದೆ. ಮೊದಲ ದಿನವೇ ಮಾಡಿಸಬೇಕಿತ್ತು.

ಅಲರ್ಜಿ ಪಟ್ಟಿಯ ಕತೆ ಚಿಕ್ಕದು, ಆದರೆ ತಲೆ ತಿಂದದ್ದು ಅದೇ. 'ಪೆನಿಸಿಲಿನ್' ಅಂತ ಇತ್ತು. ನಲವತ್ತು ವರ್ಷದ ಹಿಂದೆ ಒಂದು ಸಲ ಆ ಮಾತ್ರೆ ತಗೊಂಡು ಅಮ್ಮ ವಾಂತಿ ಮಾಡಿಕೊಂಡಿದ್ದಳು, ಅಷ್ಟೇ. ನಿಜವಾಗಿ ಮೈಯೆಲ್ಲ ದದ್ದು ಎದ್ದದ್ದು ಸಲ್ಫಾ ಮಾತ್ರೆಗೆ, ಅದು ಪಟ್ಟಿಯಲ್ಲೇ ಇಲ್ಲ. ತಿದ್ದಲು ಬಟನ್ ಹುಡುಕಿದೆ. ಇಲ್ಲ. ರೆಕಾರ್ಡ್ ವಿಭಾಗಕ್ಕೆ ಬರೆದೆ, ಅವರು ಡಾಕ್ಟರನ್ನು ಕೇಳಿ ಅಂದರು, ಡಾಕ್ಟರು ಅವರನ್ನೇ ಕೇಳಿ ಅಂದರು. ಮೂರು ವಾರ. ಸಲ್ಫಾ ಸೇರಿತು. ಪೆನಿಸಿಲಿನ್ ಹೆಸರು ತೆಗೆಯಲಿಲ್ಲ, ಪಕ್ಕದಲ್ಲಿ 'ವಾಂತಿ ಮಾತ್ರ, ಪರೀಕ್ಷೆ ಆಗಬೇಕು' ಅಂತ ಬರೆದರು. ನನಗೆ ಸಿಟ್ಟು ಬಂತು, ಆದರೆ ಅದು ಸರಿಯಾದದ್ದೇ. ಪೆನಿಸಿಲಿನ್ ಆಗುವುದಿಲ್ಲ ಅಂತ ಬರೆಸಿಕೊಂಡವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಪರೀಕ್ಷೆ ಮಾಡಿ ನೋಡಿದರೆ ಆ ಅಲರ್ಜಿ ಇರುವುದಿಲ್ಲ. ಹತ್ತನೆಯವರು ಅಮ್ಮ ಅಲ್ಲ ಅಂತ ಹೇಳಲು ನಾನು ಯಾರು?

ಇಂಥ ತಪ್ಪು ನಮ್ಮ ಫೈಲಿನಲ್ಲಿ ಮಾತ್ರ ಇರುವುದಲ್ಲ. ಡಾಕ್ಟರು ಬರೆದ ನೋಟ್ಸನ್ನು ಓದಿದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಅಮೆರಿಕದಲ್ಲಿ ವಿಚಾರಿಸಿದ್ದರು. 2020ರಲ್ಲಿ ಪ್ರಕಟವಾಯಿತು. ಐದರಲ್ಲಿ ಒಬ್ಬರು ತಪ್ಪು ಸಿಕ್ಕಿತು ಅಂದರು, ಅವರಲ್ಲಿ ಹತ್ತಕ್ಕೆ ನಾಲ್ಕು ಮಂದಿಗೆ ಅದು ದೊಡ್ಡ ತಪ್ಪು ಅನ್ನಿಸಿತ್ತು.

ಈ ನೋಟ್ಸ್ ಅನ್ನುವುದು ರಿಪೋರ್ಟಿಗಿಂತ ಬೇರೆ ವಸ್ತು. ಮೊದಲು ಅದು ಡಾಕ್ಟರು ಡಾಕ್ಟರಿಗಾಗಿ ಬರೆದುಕೊಳ್ಳುತ್ತಿದ್ದದ್ದು. 2010ರಲ್ಲಿ ಅಮೆರಿಕದ ಮೂರು ಕಡೆ, ಬಾಸ್ಟನ್, ಸಿಯಾಟಲ್ ಮತ್ತು ಪೆನ್ಸಿಲ್ವೇನಿಯದಲ್ಲಿ, ನೂರೈದು ಡಾಕ್ಟರುಗಳು ಒಂದು ವರ್ಷ ರೋಗಿಗಳಿಗೆ ತಮ್ಮ ನೋಟ್ಸ್ ತೆರೆದು ತೋರಿಸಿದರು. ಓಪನ್‌ನೋಟ್ಸ್ ಅಂತ ಅದರ ಹೆಸರು. ಜನ ಹೆದರುತ್ತಾರೆ, ಪ್ರಶ್ನೆ ಕೇಳಿ ಕೇಳಿ ಕೊಲ್ಲುತ್ತಾರೆ ಅಂತ ಡಾಕ್ಟರುಗಳಿಗೆ ಭಯ ಇತ್ತು. ವರ್ಷ ಮುಗಿದಾಗ 100ಕ್ಕೆ 99 ರೋಗಿಗಳು ಮುಂದುವರಿಸಿ ಅಂದರು. ಒಬ್ಬ ಡಾಕ್ಟರೂ ನಿಲ್ಲಿಸಲಿಲ್ಲ.

ಅಮ್ಮನಿಗೆ ನಾನು ಮೊದಲ ನೋಟ್ ಓದಿ ಹೇಳಿದ್ದು ನೆನಪಿದೆ. 'ಪ್ಲೆಸೆಂಟ್ ಲೇಡಿ' ಅಂತ ಶುರುವಾಗಿತ್ತು. ಡಾಕ್ಟರುಗಳ ಮಾಮೂಲಿ ಸಾಲು ಅದು, ಎಲ್ಲರಿಗೂ ಬರೆಯುತ್ತಾರೆ. ನಾನು ಹಾಗಂತ ಹೇಳಲಿಲ್ಲ. ಅಮ್ಮ ಸೆರಗು ಸರಿಮಾಡಿಕೊಂಡಳು. ಮುಂದಿನ ಸಾಲಿಗೆ ಮುಖ ಬದಲಾಯಿತು: 'ಪೇಷಂಟ್ ಡಿನೈಸ್ ಚೆಸ್ಟ್ ಪೇನ್.' "ಡಿನೈ ಅಂದ್ರೆ? ನಾನೇನು ಸುಳ್ಳು ಹೇಳಿದೆ ಅಂತಾನಾ?" ಎದೆನೋವು ಇಲ್ಲ ಅಂತ ನೀನು ಹೇಳಿದ್ದನ್ನೇ ಹಾಗೆ ಬರೆಯುತ್ತಾರೆ ಅಂತ ಬಿಡಿಸಿ ಹೇಳಿದರೂ ಅಸಮಾಧಾನ ಪೂರ್ತಿ ಹೋಗಲಿಲ್ಲ. ಪೊಲೀಸರ ಮುಂದೆ ನಿಲ್ಲಿಸಿದ ಹಾಗೆ ಇದೆ, ಅಂದಳು. ಅವಳು ಹೇಳಿದ್ದು ಸರಿಯೇ.

ಹೋದ ವರ್ಷದ ಕೊನೆಯ ವಿಸಿಟ್ ಆದ ಮೇಲೆ, ಬೆಳಿಗ್ಗೆ ಹತ್ತಕ್ಕೆ, ನನ್ನ ನಿಯಮದ ಪ್ರಕಾರವೇ ಪೋರ್ಟಲ್ ತೆಗೆದೆ. ಕ್ರಿಯಾಟಿನಿನ್ ಸರಿ. ಪೊಟ್ಯಾಶಿಯಂ ಸರಿ. ಅದರ ಕೆಳಗೆ ಇನ್ನೊಂದು ಸಾಲು: ಪಿಎಚ್‌ಕ್ಯೂ-9, ಸ್ಕೋರ್ 11. ಯಾವ ರಕ್ತಪರೀಕ್ಷೆ ಇದು ಅಂದುಕೊಂಡು ಒತ್ತಿದೆ. ರಕ್ತದ್ದಲ್ಲ. ಮನಸ್ಸು ಕುಗ್ಗಿದೆಯೇ ಅಂತ ತಿಳಿಯಲು ಕೇಳುವ ಒಂಬತ್ತು ಪ್ರಶ್ನೆ, ಒಂದೊಂದಕ್ಕೆ ಸೊನ್ನೆಯಿಂದ ಮೂರು, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ವಿಚಾರಿಸಬೇಕಾದ್ದು. ಒಳಗೆ ಕಾಯುವಾಗ ಅಮ್ಮನ ಕೈಗೆ ಟ್ಯಾಬ್ ಕೊಟ್ಟಿದ್ದರು, ನಾನು ಹೊರಗೆ ಬಿಲ್ ಕಟ್ಟುತ್ತಿದ್ದೆ. ಒಂಬತ್ತೂ ಉತ್ತರ ಅಲ್ಲೇ ಇತ್ತು. ನಿದ್ದೆ: ಹೆಚ್ಚುಕಮ್ಮಿ ದಿನಾ ತೊಂದರೆ. ಆರನೇ ಪ್ರಶ್ನೆ, ನನ್ನಿಂದ ಮನೆಯವರಿಗೆ ನಿರಾಸೆ ಆಗಿದೆ ಅನ್ನಿಸುತ್ತದೆಯೇ ಅನ್ನುವ ಅರ್ಥದ್ದು: ಅರ್ಧಕ್ಕಿಂತ ಜಾಸ್ತಿ ದಿನ.

ಅಮ್ಮ ಆಗ ಹಾಲ್‌ನಲ್ಲಿ ಬಟ್ಟೆ ಮಡಚುತ್ತಿದ್ದಳು. ಮೂರು ವರ್ಷದಿಂದ ಅವಳ ಕ್ರಿಯಾಟಿನಿನ್ ನನಗೆ ಬಾಯಿಪಾಠ. ಇದು ಗೊತ್ತಿರಲಿಲ್ಲ.

ಎರಡು ದಿನ ಸುಮ್ಮನಿದ್ದೆ. ಆಮೇಲೆ ಕೇಳಿಬಿಟ್ಟೆ. ಹೇಗೆ ಕೇಳಿದೆ ಅಂತ ಬರೆಯುವುದಿಲ್ಲ, ಚೆನ್ನಾಗಿ ಕೇಳಲಿಲ್ಲ. ಅಮ್ಮ ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು.

"ಅದೂ ಕಾಣುತ್ತಾ ನಿನಗೆ?"

"ಕಾಣುತ್ತೆ."

"ಅದು ಡಾಕ್ಟರಮ್ಮ ಕೇಳಿದ್ದು," ಅಂದಳು. "ನೀನು ಕೇಳಿರಲಿಲ್ಲ."

ಆವತ್ತು ಸಂಜೆ ಇಬ್ಬರೂ ಕೂತು ಸೆಟ್ಟಿಂಗ್ಸ್ ತೆಗೆದೆವು. ನನ್ನ ಲಾಗಿನ್‌ಗೆ ಏನೇನು ಕಾಣಬೇಕು ಅಂತ ಅವಳು ಆರಿಸಬಹುದು, ಅದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಟೆಸ್ಟು ಇರಲಿ. ಮಾತ್ರೆ ಇರಲಿ. ಅಪಾಯಿಂಟ್‌ಮೆಂಟು, ಮೆಸೇಜು ಇರಲಿ. ನೋಟ್ಸ್ ಮತ್ತು ಪ್ರಶ್ನಾವಳಿ, ಎರಡರ ಮುಂದಿನ ಗುರುತನ್ನೂ ಅಮ್ಮನೇ ಬೆರಳಿನಿಂದ ಒತ್ತಿ ತೆಗೆದಳು. "ಬರೆದದ್ದನ್ನ ನಾನೇ ನೋಡ್ಕೋತೀನಿ." ಡಾಕ್ಟರಮ್ಮನ ಜೊತೆ ಆ ವಿಷಯ ಮಾತಾಡುತ್ತಿದ್ದಾಳೆ, ಅಷ್ಟು ಹೇಳಿದ್ದಾಳೆ. ನಾನು ಈಗ ಕೆಲವು ಸಲ ಕೇಳುತ್ತೇನೆ, ಲಾಗಿನ್ ಆಗದೆ.

ಅಮ್ಮ ಫೋನಿನ ಅಕ್ಷರ ಎಷ್ಟು ದೊಡ್ಡದಾಗುತ್ತೋ ಅಷ್ಟು ದೊಡ್ಡದು ಮಾಡಿಕೊಂಡಿದ್ದಾಳೆ. ಒಂದು ಸಾಲಿಗೆ ಮೂರೇ ಪದ ಹಿಡಿಸುತ್ತದೆ. ನಿನ್ನೆ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಓದುತ್ತಾ ಕೂತಿದ್ದಳು. ಒಳಗಿನಿಂದ ಕೂಗಿದಳು, "ಎಸ್‌ಒಬಿ ಅಂದ್ರೇನು?"

"ಉಸಿರು ಕಟ್ಟೋದು ಅಂತ."

"ಹಾಗಂತ ಬರೀಬಾರದಾ ಇವರು."

ಇನ್ನೊಂದು ನಿಮಿಷ ಕಾದೆ. "ಮುಂದೆ ಏನಿದೆ?" ಅಂದೆ.

"ಮುಂದಿಂದು ನನಗೆ ಅರ್ಥ ಆಗುತ್ತೆ," ಅಂದಳು.